ಕೊಂಕಣ ಕೋಗಿಲೆಯ ಕುಟುಂಬ

1942ರ ಏಪ್ರಿಲ್ 2ರಂದು ಮಂಗಳೂರಿನಲ್ಲಿ ಜನಿಸಿ 2010ರ ಮಾರ್ಚ್ 9ರಂದು ದೈವಾಧೀನರಾದ ವಿಲ್ಫಿ ರೆಬಿಂಬಸ್‌ರನ್ನು ಕರಾವಳಿಯ ಕ್ರೈಸ್ತರು ಕೊಂಕಣ ಕೋಗಿಲೆಯೆಂದೇ ಬಲ್ಲರು. ಕವಿತೆ, ರಾಗ, ಕಂಠ ಮೂರೂ ಅವರದೇ. ದ್ವಿತೀಯ ವ್ಯಾಟಿಕನ್ ಮಹಾಸಭೆಯ (1962-65) ತರುವಾಯ ಬಲಿಪೂಜೆಯಲ್ಲಿ ಲ್ಯಾಟಿನ್ನಿನ ಸ್ಥಾನಕ್ಕೆ ಕೊಂಕಣಿ ಬಂತು; ವಿಲ್ಫಿಯವರು ಅದೇ ಮನೆಮಾತನ್ನು ವೇದಿಕೆಗೇರಿಸಿದರು. ‘ವಿಲ್ಫಿ ನೈಟ್’ಗಳಲ್ಲಿ ಪತ್ನಿ ಮೀನಾ ಜೊತೆಗೂಡಿ ಹಾಡಿದರು, ಮುಂದೆ ಮಕ್ಕಳಾದ ವೀಣಾ, ವಿಶ್ವಾಸ್ ಕೂಡ. ಪ್ರೇಮಗೀತೆ, ಭಕ್ತಿಗೀತೆ ಎರಡೂ ಒಂದೇ ಕಂಠದಿಂದ ಹೊಮ್ಮಿದುದು ನಮಗೆ ಯುಕ್ತವೆಂದೇ ತೋರುತ್ತದೆ. ವಿವಾಹವೂ ಪವಿತ್ರ ಸಂಸ್ಕಾರವಷ್ಟೇ. ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರಕ್ಕೆ ಹೆತ್ತವರೊಡನೆ ಬಂದ ಮಕ್ಕಳು ಇಂಗ್ಲಿಷಿನಲ್ಲೇ ಜಪಿಸುವುದನ್ನು ಕೇಳುವಾಗ, ತಂದೆತಾಯಿಯ ಪಕ್ಕದಲ್ಲಿ ನಿಂತು ಅವರ ಭಾಷೆಯಲ್ಲೇ ಹಾಡಿದ ಆ ಇಬ್ಬರು ನಮಗೆ ನೆನಪಾಗುತ್ತಾರೆ.