ಚಿಂತಾಮಣಿ ರಘುನಾಥಾಚಾರಿ: ಶುಕ್ರನ ಚುಕ್ಕೆಯನ್ನು ಕನ್ನಡಕ್ಕೆ ತಂದವರು

1868ರ ಆಗಸ್ಟ್ 18ರ ಬೆಳಿಗ್ಗೆ ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಊರುಗಳಲ್ಲಿ ಸುಮಾರು ಐದು ನಿಮಿಷ ಹಗಲು ಹೊತ್ತಿನಲ್ಲೇ ಕತ್ತಲಾಯ್ತು. ಅದು ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಬಿಜಾಪುರದ ಕಡೆಯಿಂದ ಬಂದು, ನಮ್ಮ ಎರಡು ನದಿಗಳ ನಡುವಿನ ದೋಆಬ್ ದಾಟಿ, ಗುಂಟೂರು, ಮಚಲೀಪಟ್ಟಣದ ಮೇಲೆ ಹಾದು ಸಮುದ್ರಕ್ಕೆ ಹೋಯ್ತು. ಇದನ್ನು ನೋಡೋಕೆ ಅಂತಲೇ ದೂರದಿಂದ ಜನ ಬಂದಿದ್ದರು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ಇದ್ದರು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ, ಓಡುವ ಮೋಡಗಳ ಸಂದಿಯಲ್ಲಿ ಸೂರ್ಯನನ್ನು ಹಿಡಿಯೋಕೆ ಕಾಯ್ತಿದ್ದರು. ಆ ಗ್ರಹಣದಲ್ಲಿ ಕಂಡ ಹಳದಿ ಗೆರೆಯ ಬೆನ್ನು ಹತ್ತಿ ಹೋದಾಗಲೇ ಹೀಲಿಯಂ ಸಿಕ್ಕಿದ್ದು. ಕ್ವಿಜ್‌ಗಳಲ್ಲಿ ಇದನ್ನು ಕೇಳ್ತಾನೇ ಇರ್ತಾರೆ.

ವನಪರ್ತಿಯಲ್ಲಿ ಯಾರಿದ್ದರು ಅಂತ ಮಾತ್ರ ಯಾರೂ ಕೇಳಲ್ಲ. ರಾಯಚೂರಿನಿಂದ ಪೂರ್ವಕ್ಕೆ ನೇರ ಗೆರೆ ಎಳೆದರೆ 80 ಕಿಲೋಮೀಟರ್ ಕೂಡ ಆಗಲ್ಲ. ಆಗ ನಮ್ಮೂರಿನ ಹಾಗೇ ಅದೂ ನಿಜಾಮರ ಸೀಮೆ. ಅಲ್ಲಿಗೆ ಮದ್ರಾಸ್ ವೀಕ್ಷಣಾಲಯದಿಂದ ಒಂದು ತಂಡ ಬಂದಿತ್ತು. ಅದರ ಮುಖ್ಯಸ್ಥರೇ ಚಿಂತಾಮಣಿ ರಘುನಾಥಾಚಾರಿ.

ಅವರು ಬಂದದ್ದು ಪಂಚಾಂಗ ಬರೆಯುವ ಪರಂಪರೆಯಿಂದ. ಸುಮಾರು 40 ವರ್ಷ ಒಂದೇ ವೀಕ್ಷಣಾಲಯದಲ್ಲಿ ದುಡಿದು ಮೊದಲ ಸಹಾಯಕರ ಹುದ್ದೆವರೆಗೆ ಬಂದರು. ಮೇಲಿನ ಕುರ್ಚಿ ಬ್ರಿಟಿಷರದ್ದು. 1861ರಿಂದ ಅಲ್ಲಿ ಕೂತವರು ನಾರ್ಮನ್ ಪೋಗ್ಸನ್. ನಕ್ಷತ್ರಗಳ ಹೊಳಪು ಅಳೆಯೋಕೆ ಇವತ್ತಿಗೂ ಬಳಸುವ ಸ್ಕೇಲ್ ಇದೇ ಪೋಗ್ಸನ್ನರದ್ದು.

ರಘುನಾಥಾಚಾರಿಯವರ ದಿನನಿತ್ಯದ ಕೆಲಸ ಹೊರಗಿನಿಂದ ನೋಡಿದರೆ ಬೋರ್ ಅನ್ನಿಸಬಹುದು. ಮೆರಿಡಿಯನ್ ಸರ್ಕಲ್ ಅನ್ನೋ ದೂರದರ್ಶಕ ಉತ್ತರ-ದಕ್ಷಿಣ ಗೆರೆಯಲ್ಲಿ ಮಾತ್ರ ತಿರುಗುತ್ತೆ. ನಕ್ಷತ್ರ ತಾನಾಗಿ ಆ ಗೆರೆಗೆ ಬರೋತನಕ ಕಾಯಬೇಕು, ದಾಟಿದ ಸೆಕೆಂಡ್ ಬರೆದುಕೊಳ್ಳಬೇಕು, ಕೋನ ಓದಬೇಕು. ಆಮೇಲೆ ಗಾಳಿಯಿಂದ ಬೆಳಕು ಬಾಗುವುದಕ್ಕೆ, ಉಪಕರಣದ ಓರೆಗೆ ಎಲ್ಲ ಕರೆಕ್ಷನ್ ಹಾಕಬೇಕು. ಸರ್ವೇ ಲ್ಯಾಬಿನಲ್ಲಿ ಥಿಯೋಡೊಲೈಟ್ ಹಿಡಿದು ಒಂದು ಮಧ್ಯಾಹ್ನಕ್ಕೇ ಸುಸ್ತಾಗುವ ನಾವು ಇದನ್ನು ವರ್ಷಗಟ್ಟಲೆ ರಾತ್ರಿಗಳಿಗೆ ಗುಣಿಸಿ ನೋಡಬೇಕು. ಹೀಗೇ ನೋಡ್ತಾ 1867ರಲ್ಲಿ ಅವರು ರೆಟಿಕ್ಯುಲಂ ಪುಂಜದ ಒಂದು ನಕ್ಷತ್ರದ ಹೊಳಪು ಬದಲಾಗುತ್ತೆ ಅಂತ ಕಂಡುಹಿಡಿದರು. ಈಗ ಅದರ ಹೆಸರು ಆರ್ ರೆಟಿಕ್ಯುಲೈ. ರಾಯಚೂರಿನಿಂದ ಅದು ದಕ್ಷಿಣದ ಅಂಚಿನಿಂದ ಹೆಚ್ಚೆಂದರೆ 11 ಡಿಗ್ರಿ ಮೇಲೇರುತ್ತೆ. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿ ಅವರನ್ನು ಫೆಲೋ ಮಾಡಿಕೊಂಡಿತು. ಆ ಗೌರವ ಪಡೆದ ಮೊದಲ ಭಾರತೀಯ ಅವರೇ.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವುದು ಅವರ ಪಂಚಾಂಗದ ಜಗಳ. ಹಳೆಯ ಕೋಷ್ಟಕಗಳಲ್ಲಿ ಒಂದು ಸಣ್ಣ ತಪ್ಪಿದ್ದರೂ ನೂರಾರು ವರ್ಷ ಕೂಡುತ್ತಾ ಹೋದರೆ ಗ್ರಹಣದ ಹೊತ್ತೇ ತಪ್ಪಿಬಿಡುತ್ತೆ. ನಮ್ಮ ಪ್ರೋಗ್ರಾಮಿನಲ್ಲಿ ಎರರ್ ಪ್ರತಿ ಸ್ಟೆಪ್ಪಿಗೂ ಸೇರ್ತಾ ಹೋಗುತ್ತಲ್ಲ, ಹಾಗೆ. ಲೆಕ್ಕ ಕಣ್ಣಿಗೆ ಕಂಡದ್ದಕ್ಕೆ ಹೊಂದಬೇಕು, ಹೊಂದದಿದ್ದರೆ ಅಂಕಿಗಳನ್ನು ತಿದ್ದಬೇಕು ಅನ್ನೋದು ಅವರ ವಾದ. ಅದಕ್ಕೇ ದೃಗ್ಗಣಿತ ಪಂಚಾಂಗ ಹೊರತಂದರು. ಎಲ್ಲರೂ ಒಪ್ಪಲಿಲ್ಲ. ನಮ್ಮ ಕಡೆ ಏಕಾದಶಿ ಇವತ್ತೋ ನಾಳೆಯೋ ಅಂತ ಈಗಲೂ ಎರಡು ಪಂಚಾಂಗ ಎರಡು ಥರ ಹೇಳೋದುಂಟು, ಹಾಗಾಗಿ ಆ ಜಗಳ ಎಷ್ಟು ಕಷ್ಟದ್ದು ಅಂತ ಅರ್ಥ ಆಗುತ್ತೆ.

1874ರ ಡಿಸೆಂಬರ್ 9ಕ್ಕೆ ಶುಕ್ರ ಸೂರ್ಯನ ಮುಖದ ಮೇಲೆ ಹಾದುಹೋಗುವುದಿತ್ತು. ಅದು ಸೂರ್ಯನ ಅಗಲದ ಸುಮಾರು ಮೂವತ್ತನೇ ಒಂದು ಭಾಗದಷ್ಟಿರುವ ಕಪ್ಪು ಚುಕ್ಕೆ, ದಾಟೋಕೆ ನಾಲ್ಕೂವರೆ ಗಂಟೆ ಬೇಕು. ಭೂಮಿಯ ಮೇಲೆ ದೂರದೂರದ ಎರಡು ಜಾಗದಿಂದ ನೋಡಿದರೆ ಚುಕ್ಕೆ ಹಿಡಿಯುವ ದಾರಿ ಸ್ವಲ್ಪ ಬೇರೆ ಕಾಣುತ್ತೆ, ದಾಟುವ ಸಮಯವೂ ಬೇರೆ. ಆ ವ್ಯತ್ಯಾಸದಿಂದ ಸೂರ್ಯ ಎಷ್ಟು ದೂರ ಅಂತ ತೆಗೆಯಬಹುದು. ಗ್ರಹಗಳ ದೂರದ ಅನುಪಾತ ಕೆಪ್ಲರ್ ನಿಯಮದಿಂದ ಮೊದಲೇ ಗೊತ್ತಿತ್ತು, ಕಿಲೋಮೀಟರ್ ಗೊತ್ತಿರಲಿಲ್ಲ. ಒಂದು ದೂರ ಸಿಕ್ಕರೆ ಇಡೀ ಸೌರಮಂಡಲದ ಅಳತೆ ಸಿಕ್ಕ ಹಾಗೆ. ದೇಶದೇಶಗಳು ಹಡಗು ಹತ್ತಿಸಿ ತಂಡ ಕಳಿಸಿದ್ದು ಇದಕ್ಕೇ.

ರಘುನಾಥಾಚಾರಿ ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ಶುಕ್ರನ ಈ ಘಟನೆ ಬಗ್ಗೆ ಅವರ ಪುಸ್ತಿಕೆ ದೇಶದ ಹಲವು ಭಾಷೆಗಳಲ್ಲಿ ಬಂತು, ಕನ್ನಡದಲ್ಲೂ ಬಂತು. ಅಂದರೆ 150 ವರ್ಷದ ಹಿಂದೆಯೇ ಈ ವಿಜ್ಞಾನ ಕನ್ನಡದಲ್ಲಿ ಓದೋಕೆ ಸಿಗ್ತಿತ್ತು. ಹನ್ನೆರಡು ವರ್ಷ ಇಂಗ್ಲಿಷಿನಲ್ಲೇ ಓದಿ, ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಹೇಳೋಕಾಗಲ್ಲ ಅಂತ ನಂಬಿಕೊಂಡಿರುವ ನನ್ನಂಥವರಿಗೆ ಇದು ಸ್ವಲ್ಪ ಚುರುಕ್ ಅನ್ನುತ್ತೆ. ಜನರೇ ಹಣ ಹಾಕಿ ಒಂದು ವೀಕ್ಷಣಾಲಯ ಕಟ್ಟಲಿ, ನಮ್ಮವರು ಅಲ್ಲಿ ಕಲಿಯಲಿ ಅಂತಲೂ ಅವರು ಕೇಳಿಕೊಂಡರು. ಅವರಿರುವಾಗ ಅದು ಆಗಲಿಲ್ಲ. 1880ರ ಫೆಬ್ರವರಿ 5ರಂದು ತೀರಿಕೊಂಡರು.

ಸೂರ್ಯನ ದೂರವನ್ನು ಈಗ ಯಾರೂ ಹೀಗೆ ಅಳೆಯಲ್ಲ. 1961ರಲ್ಲಿ ಶುಕ್ರನಿಗೆ ರೇಡಾರ್ ತರಂಗ ಹೊಡೆದು, ವಾಪಸ್ ಬಂದ ಸಮಯದಿಂದ ಲೆಕ್ಕ ಹಾಕಿದರು, ಸುಮಾರು 14.96 ಕೋಟಿ ಕಿಲೋಮೀಟರ್. ಆದರೆ ಚುಕ್ಕೆ ಹಾದುಹೋಗುವ ಐಡಿಯಾ ಸಾಯಲಿಲ್ಲ. ಬೇರೆ ನಕ್ಷತ್ರಗಳ ಮುಂದೆ ಗ್ರಹ ಹಾದಾಗ ಬೆಳಕು ಚೂರು ಕಡಿಮೆ ಆಗುತ್ತೆ. ಗುರುವಿನಷ್ಟು ದೊಡ್ಡದಾದರೆ ನೂರರಲ್ಲಿ ಒಂದು ಪಾಲು, ಭೂಮಿಯಷ್ಟಾದರೆ ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಇದೇ ಉಪಾಯದಿಂದ 2,600ಕ್ಕೂ ಹೆಚ್ಚು ಗ್ರಹ ಹುಡುಕಿತು. ನಕ್ಷತ್ರವನ್ನು ಬಿಡದೆ ನೋಡಿ ಹೊಳಪು ಬರೆದುಕೊಳ್ಳೋದು, ಅಷ್ಟೇ ಕೆಲಸ. ಮದ್ರಾಸಿನಲ್ಲಿ ಅವರು ಕಣ್ಣಿನಿಂದ ಮಾಡ್ತಿದ್ದದ್ದನ್ನು ಈಗ ಸಿಸಿಡಿ ಮಾಡುತ್ತೆ.

ಅವರು ದುಡಿದ ಸಂಸ್ಥೆಯೂ ಮುಚ್ಚಿಹೋಗಲಿಲ್ಲ. ಕೆಲಸ ಕೊಡೈಕೆನಾಲಿಗೆ ಹೋಯ್ತು, ಅಲ್ಲಿಂದ ಬೆಂಗಳೂರಿಗೆ ಬಂತು. ಕೋರಮಂಗಲದ ಭಾರತೀಯ ಖಗೋಳ ಭೌತ ಸಂಸ್ಥೆ ಅದರದ್ದೇ ಮುಂದುವರಿಕೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1ರ ಮುಖ್ಯ ಉಪಕರಣ ವಿಇಎಲ್‌ಸಿ ತಯಾರಾದದ್ದು ಅಲ್ಲೇ. ಸೂರ್ಯನ ಬಿಂಬವನ್ನು ಒಳಗೇ ಮರೆಮಾಡಿ ಕರೋನಾ ನೋಡುವ ಯಂತ್ರ ಅದು. ವನಪರ್ತಿಯಲ್ಲಿ ಐದು ನಿಮಿಷಕ್ಕೆ ಅಂತ ಟೆಂಟು ಹಾಕಿ ಕಾಯಬೇಕಿದ್ದ ಗ್ರಹಣವನ್ನು ಇದು ತಾನೇ ಮಾಡಿಕೊಳ್ಳುತ್ತೆ.

ಶುಕ್ರನ ಸುತ್ತ ಒಂದು ನೌಕೆ ಕಳಿಸೋಕೆ 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ, 2028ಕ್ಕೆ ಹಾರಿಸುವ ಯೋಜನೆ. ಸೂರ್ಯನ ಮೇಲೆ ಶುಕ್ರನ ಚುಕ್ಕೆ ಕಡೆಯ ಸಲ ಕಂಡದ್ದು 2012ರ ಜೂನ್ 6ರಂದು, ನಾವು ಸ್ಕೂಲಿಗೆ ಹೋಗೋಕೆ ಶುರು ಮಾಡಿದ್ದ ಹೊತ್ತಿಗೆ. ಮುಂದಿನದು 2117ರ ಡಿಸೆಂಬರ್ 11ಕ್ಕೆ. ಅವತ್ತು ರಾಯಚೂರಿನಲ್ಲಿ ಸೂರ್ಯ ಹುಟ್ಟುವಾಗಲೇ ಚುಕ್ಕೆ ಅದರ ಮೇಲಿರುತ್ತೆ.