ಓಹಾಯೋದ ಅಶ್ವಗುರು

ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಕೇಳಿ ಬೆಳೆದವರು ನಾವು. ಆದರೆ ನಿಜವಾದ ಕುದುರೆಯ ಹತ್ತಿರ ಹೋದವರಲ್ಲ. ಮೈಸೂರಿನ ಜಟಕಾ ಗಾಡಿಗೆ ಕಟ್ಟಿದ ಬಡಕಲು ಕುದುರೆ, ದಸರಾ ಮೆರವಣಿಗೆಯಲ್ಲಿ ಜನಜಂಗುಳಿಯ ತಲೆಗಳ ನಡುವೆ ಕಂಡ ಅಶ್ವಾರೋಹಿ ದಳ, ಇಷ್ಟೇ ನಮ್ಮ ಅಶ್ವಪರಿಚಯ. ಹಿಂದೆ ಹೋದರೆ ಒದೆಯುತ್ತದೆ, ಮುಂದೆ ಹೋದರೆ ಕಚ್ಚುತ್ತದೆ ಎಂದು ಹಿರಿಯರು ಹೇಳಿಕೊಟ್ಟಿದ್ದೇ ನಮ್ಮ ಅಶ್ವಶಾಸ್ತ್ರ. ಹೀಗಿರುವಾಗ ಭರತನಾಟ್ಯ, ಪಿಟೀಲು, ಈಜು ಎಲ್ಲವೂ ಆದ ಮೇಲೆ ನಮ್ಮ ಮಗಳು ಕುದುರೆ ಸವಾರಿ ಕಲಿಯುತ್ತೇನೆಂದು ಹಟ ಹಿಡಿದಾಗ ನಮ್ಮ ಎದೆ ಢವಗುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿದವರಿಗೆ ಕುದುರೆಯಿಂದ ಬಿದ್ದವರ ಕತ್ತು, ಸೊಂಟಗಳ ಚಿತ್ರ ಕಣ್ಣಮುಂದೆ ಬರುವುದು ಸಹಜ ತಾನೇ?

ಮೊದಲ ಪಾಠದ ದಿನ ಬೇಲಿಯಾಚೆ ನಿಂತು ನೋಡಿದೆವು. ಇಡೀ ಒಂದು ಗಂಟೆ ಕಳೆದರೂ ಕಲಿಸುವಾಕೆ ಹುಡುಗಿಯನ್ನು ಕುದುರೆ ಹತ್ತಿಸಲೇ ಇಲ್ಲ! ಮಾತನಾಡುತ್ತಾ ಎಡ ಭುಜದ ಕಡೆಯಿಂದ ಹತ್ತಿರ ಹೋಗುವುದು, ಕೈಯನ್ನು ಮೂಸಲು ಬಿಡುವುದು, ಕೂದಲು ಬೆಳೆದ ದಿಕ್ಕಿಗೇ ಕತ್ತು ಸವರುವುದು, ಮೈ ಉಜ್ಜುವುದು, ಒಂದೊಂದೇ ಕಾಲೆತ್ತಿ ಗೊರಸಿನ ಸಂದಿಯ ಮಣ್ಣು ಕೆರೆಯುವುದು, ಇಷ್ಟೇ ಆಯಿತು. ಕೊಟ್ಟ ಡಾಲರುಗಳ ಲೆಕ್ಕ ಮನಸ್ಸಿನಲ್ಲಿ ಸುಳಿಯಿತೆಂದು ಒಪ್ಪಿಕೊಳ್ಳುತ್ತೇವೆ. ಕೇಳಿದಾಗ ಆಕೆ ನಕ್ಕು, ಇದೆಲ್ಲ ನಿಮ್ಮ ಓಹಾಯೋದವನೇ ಆದ ರೇರಿ ನೂರೈವತ್ತು ವರ್ಷಕ್ಕೂ ಹಿಂದೆ ಹೇಳಿಹೋದ ಪಾಠ ಎಂದಳು. ಹಾಗೆ ನಮಗೆ ಪರಿಚಯವಾದವನು ಜಾನ್ ಸಾಲೊಮನ್ ರೇರಿ. ಒಂದು ಕಾಲಕ್ಕೆ ಲಂಡನ್ನಿನಿಂದ ಪ್ಯಾರಿಸಿನವರೆಗೆ ಮನೆಮಾತಾಗಿದ್ದ ಈ ಹೆಸರು ಇಂದು ನಮ್ಮ ರಾಜ್ಯದಲ್ಲೇ ಬಹುಮಂದಿಗೆ ಗೊತ್ತಿಲ್ಲ.

ಕೊಲಂಬಸ್ ನಗರದ ಆಗ್ನೇಯಕ್ಕೆ ಗ್ರೋವ್‌ಪೋರ್ಟ್ ಎಂಬ ಊರಿದೆ. ವರ್ಟ್ಸ್ ಗ್ರೋವ್ ಮತ್ತು ರೇರೀಸ್ ಪೋರ್ಟ್ ಎಂಬ ಎರಡು ಹಳ್ಳಿಗಳು 1847ರಲ್ಲಿ ಒಂದಾಗಿ, ಎರಡರ ಹೆಸರಿನಿಂದಲೂ ಒಂದೊಂದು ತುಂಡು ಪಡೆದು ಆದ ಊರು ಅದು. ಎರಡನೆಯ ಹಳ್ಳಿ ರೇರಿಯ ಮನೆತನದ್ದೇ. ಓಹಾಯೋ–ಈರಿ ಕಾಲುವೆಯ ದೋಣಿಗಳನ್ನು ದಡದ ಮೇಲಿಂದ ಕುದುರೆ, ಹೇಸರಗತ್ತೆಗಳು ಎಳೆಯುತ್ತಿದ್ದ ಕಾಲ. 1827ರಲ್ಲಿ ಹುಟ್ಟಿದ ಹುಡುಗ ಹೊಲಮನೆಯ ಕುದುರೆಗಳ ನಡುವೆಯೇ ಬೆಳೆದ. ಚಿಕ್ಕಂದಿನಲ್ಲೇ ಮರಿಗಳನ್ನು ಪಳಗಿಸುವುದರಲ್ಲಿ ಹೆಸರು ಮಾಡಿದ.

ನಾವು ಕನ್ನಡದಲ್ಲಿ ಕುದುರೆಯನ್ನು ಪಳಗಿಸುತ್ತೇವೆ. ಇಂಗ್ಲಿಷಿನವರು ಅದಕ್ಕೆ ಮುರಿಯುವುದು ಎಂದೇ ಹೇಳುತ್ತಾರೆ. ಆ ಕಾಲಕ್ಕೆ ಆ ಮಾತು ಅಕ್ಷರಶಃ ನಿಜವೂ ಆಗಿತ್ತು. ಹಗ್ಗ ಬಿಗಿದು, ಚಾವಟಿ ಬೀಸಿ, ಸುಸ್ತಾಗಿ ನಿಲ್ಲುವವರೆಗೆ ಗಟ್ಟಿಗನೊಬ್ಬ ಬೆನ್ನ ಮೇಲೆ ಕೂತಿರುವುದೇ ವಿದ್ಯೆ. ರೇರಿ 1856ರಲ್ಲಿ ಕೊಲಂಬಸ್ಸಿನಲ್ಲಿ ಅಚ್ಚು ಹಾಕಿಸಿದ ಪುಟ್ಟ ಪುಸ್ತಕದಲ್ಲಿ ಇದನ್ನು ತಲೆಕೆಳಗು ಮಾಡಿದ. ಕುದುರೆ ಕೆಟ್ಟದ್ದಲ್ಲ, ಹೆದರಿದೆ. ನಾವು ಕೇಳುವುದು ಅದಕ್ಕೆ ಅರ್ಥವಾದರೆ ಮಾಡುತ್ತದೆ. ತನ್ನ ಬಲವೆಷ್ಟೆಂಬುದು ಅದಕ್ಕೇ ತಿಳಿದಿಲ್ಲ. ಹೊಸ ವಸ್ತುವನ್ನು ನೋಡಿ, ಮೂಸಿ, ಮೂಗಿನಿಂದ ಮುಟ್ಟಿ ಪರೀಕ್ಷಿಸಲು ಬಿಟ್ಟರೆ ಅದರ ಭಯ ಹೋಗುತ್ತದೆ. ಆತನ ಸಿದ್ಧಾಂತವೆಲ್ಲ ಇಷ್ಟೇ. ಕೊಡೆಗೆ ಬೆದರುವ ಕುದುರೆಗೆ ಮೊದಲು ಮಡಿಸಿದ ಕೊಡೆ ತೋರಿಸು, ಮೂಸಲಿ, ಆಮೇಲೆ ಸ್ವಲ್ಪಸ್ವಲ್ಪವೇ ಬಿಚ್ಚು. ಎಳೆಯ ಮರಿಯನ್ನು ಮುಂದಕ್ಕೆ ಜಗ್ಗಬೇಡ, ಜಗ್ಗಿದಷ್ಟೂ ಹಿಂದೆ ಸರಿಯುತ್ತದೆ. ಪಕ್ಕಕ್ಕೆ ಎಳೆ, ತಾನಾಗಿ ಒಂದು ಹೆಜ್ಜೆ ಇಡುತ್ತದೆ. ಮೊದಲ ಸಲ ಹತ್ತುವಾಗ ಮಣೆಯ ಮೇಲೆ ನಿಂತು, ಎತ್ತರದಲ್ಲಿ ನೀನಿರುವುದು ಅದಕ್ಕೆ ರೂಢಿಯಾಗಲಿ ಎಂದು ಕಾಯಬೇಕು. ನಮ್ಮ ಮಗಳು ಮೂರನೆಯ ವಾರ ಹೀಗೆಯೇ ಮಣೆ ಹತ್ತಿ, ಬೂಟಿನ ತುದಿ ಕುದುರೆಯ ಮೈಗೆ ಚುಚ್ಚದಂತೆ ಜಾಗ್ರತೆಯಿಂದ ಜೀನಿನ ಮೇಲೆ ಕೂತಳು.

ಇಷ್ಟೇ ಆಗಿದ್ದರೆ ರೇರಿಯ ಕಥೆ ಸರಳ. ಆದರೆ ಭಂಡ ಕುದುರೆಗಳಿಗೆಂದು ಆತನ ಬಳಿ ಇನ್ನೊಂದು ಉಪಾಯವಿತ್ತು. ಎಡ ಮುಂಗಾಲನ್ನು ಮಡಿಸಿ ಚರ್ಮದ ಪಟ್ಟಿಯಿಂದ ಬಿಗಿಯುವುದು. ಮೂರು ಕಾಲಿನ ಮೇಲೆ ನಿಂತ ಕುದುರೆ ಒದೆಯಲಾರದು, ಓಡಲಾರದು. ಬಲ ಮುಂಗಾಲಿಗೆ ಇನ್ನೊಂದು ಪಟ್ಟಿ. ಹೆಜ್ಜೆಯೆತ್ತಿದಾಗ ಅದನ್ನೂ ಎಳೆದು ಹಿಡಿದರೆ ಕುದುರೆ ಮೊಣಕಾಲೂರುತ್ತದೆ. ಮೆತ್ತನೆಯ ಹುಲ್ಲಿನ ಮೇಲೆ ಕೆಲವು ನಿಮಿಷ ಒದ್ದಾಡಿ, ಬೆವೆತು, ಕೊನೆಗೆ ಮಗ್ಗುಲಾಗಿ ಮಲಗಿಬಿಡುತ್ತದೆ. ಆಗ ರೇರಿ ಪಟ್ಟಿಗಳನ್ನು ಬಿಚ್ಚಿ, ಪಕ್ಕದಲ್ಲಿ ಕೂತು, ಕಿವಿಯಿಂದ ಗೊರಸಿನವರೆಗೆ ಮೈಯೆಲ್ಲ ಸವರುತ್ತಿದ್ದ. ಒಂದೇಟು ಹೊಡೆಯುತ್ತಿರಲಿಲ್ಲ, ದನಿಯೇರಿಸುತ್ತಿರಲಿಲ್ಲ.

ಕೆನಡಾದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳ ಪರಿಚಯಪತ್ರ ಹಿಡಿದು ರೇರಿ 1857ರ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದ. 1858ರ ಜನವರಿಯಲ್ಲಿ ವಿಂಡ್ಸರಿನಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಪ್ರದರ್ಶನ. ಮಲಗಿದ ಕುದುರೆಯ ಹಿಂಗಾಲುಗಳ ನಡುವೆ ಆತ ತಲೆಯಿಟ್ಟು ಮಲಗುವುದನ್ನು ಕಂಡು ಇಂಗ್ಲೆಂಡಿನ ಶ್ರೀಮಂತರು ದಂಗಾದರು. ಗುಟ್ಟು ಕಾಪಾಡುತ್ತೇವೆಂದು ಮಾತು ಕೊಟ್ಟು, ತಲೆಗೆ 10 ಗಿನಿ ತೆತ್ತು ಪಾಠಕ್ಕೆ ಸೇರಿದರು. ಅಷ್ಟರಲ್ಲಿ ಲಂಡನ್ನಿನ ಪ್ರಕಾಶಕರು ಓಹಾಯೋದ ಆ ಪುಟ್ಟ ಪುಸ್ತಕವನ್ನೇ ಪುನಃ ಅಚ್ಚು ಮಾಡಿ 6 ಪೆನ್ನಿಗೆ ಮಾರಿದರು. ಗುಟ್ಟು ಬೀದಿಗೆ ಬಂತು! ರೇರಿ ಶಿಷ್ಯರನ್ನು ಮಾತಿನ ಕಟ್ಟಿನಿಂದ ಬಿಡಿಸಬೇಕಾಯಿತು. ಮೋಜೆಂದರೆ, ಪುಸ್ತಕ ಓದಿದವರಿಗೆಲ್ಲ ವಿದ್ಯೆ ಕೈಹತ್ತಲಿಲ್ಲ, ಆತನ ಪಾಠಕ್ಕೆ ಜನ ಬರುವುದೂ ನಿಲ್ಲಲಿಲ್ಲ.

ಹೆಸರನ್ನು ಉಳಿಸಿದ್ದು ಮಾತ್ರ ಕ್ರೂಸರ್. ಡಾರ್ಚೆಸ್ಟರ್ ಪ್ರಭುವಿನ ಈ ಜಾತಿ ಗಂಡುಕುದುರೆ ಎಷ್ಟು ಉಗ್ರವೆಂದರೆ ತಲೆಗೆ ಕಬ್ಬಿಣದ ಭಾರವಾದ ಬಾಯಿಕುಕ್ಕೆ ತೊಡಿಸಿ, ಲಾಯದಲ್ಲಿ ಒಂಟಿಯಾಗಿ ಇಟ್ಟಿದ್ದರು. ಮೈ ಉಜ್ಜುವ ಮಾತಂತೂ ದೂರವೇ ಉಳಿಯಿತು. 1858ರ ವಸಂತದಲ್ಲಿ ಹ್ಯಾಂಪ್‌ಷೈರಿನ ಮರೆಲ್ಸ್ ಗ್ರೀನ್ ಎಂಬಲ್ಲಿ ರೇರಿ ಅದರ ಬಳಿಗೆ ಹೋದ. ಸುಮಾರು 3 ಗಂಟೆಗಳ ನಂತರ ಅದರ ಬೆನ್ನೇರಿದ, ಒಡೆಯನೂ ಏರಿದ. ಕ್ರೂಸರ್ ಲಂಡನ್ನಿಗೆ ಬಂದು ಜನರ ಮುಂದೆ ಆತನ ಜೊತೆ ನಿಂತಿತು. ಮುಂದೆ ಒಂದು ಜೀಬ್ರಾವನ್ನೂ ರೇರಿ ಪಳಗಿಸಿದ್ದುಂಟು. ಅದಿರಲಿ.

ಈ ಮೂರು ಗಂಟೆಗಳ ಬಗ್ಗೆ ಓದುವಾಗ ನಾವು ಪುಸ್ತಕ ಮುಚ್ಚಿಟ್ಟದ್ದುಂಟು. ರೆಸಿಡೆನ್ಸಿಯ ದಿನಗಳಲ್ಲಿ ಹಣೆಯೊಡೆದುಕೊಂಡ ನಾಲ್ಕು ವರ್ಷದ ಹುಡುಗನೊಬ್ಬ ರಾತ್ರಿ ಹೊತ್ತು ಬಂದಿದ್ದ. ಹೊಲಿಗೆ ಹಾಕಬೇಕು, ಹೊರಗೆ ರೋಗಿಗಳ ಸಾಲು, ಮಗು ಚಿಟ್ಟನೆ ಚೀರುತ್ತಿದೆ. ದುಪ್ಪಟಿಯಲ್ಲಿ ಸುತ್ತಿ ಇಬ್ಬರು ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಚೀರಾಟ ನಿಂತಿತು, ಕಣ್ಣು ಸೂರಿನ ಮೇಲೆ ನೆಟ್ಟಿತು. ಮಗು ಸಹಕರಿಸಿತು ಎಂದು ದಾಖಲೆಯಲ್ಲಿ ಬರೆದೆವು. ಅದು ಸಹಕಾರವಾಗಿರಲಿಲ್ಲ, ಕೈಚೆಲ್ಲಿದ್ದು ಎಂದು ನಮಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ನಮ್ಮದೇ ಮಗುವಿನ ಕಣ್ಣಲ್ಲಿ ಆ ನೋಟ ಕಂಡಾಗ.

ಕಾಲು ಕಟ್ಟಿ ಮಲಗಿಸಿದ ಕುದುರೆಯ ಮೌನವೂ ನಂಬಿಕೆಯಲ್ಲ, ಶರಣಾಗತಿ ಎಂದು ಇಂದಿನ ಅಶ್ವತಜ್ಞರಲ್ಲಿ ಹಲವರು ಹೇಳುತ್ತಾರೆ. ಮಗಳ ಶಿಕ್ಷಕಿಯ ಲಾಯದಲ್ಲಿ ಆ ಪಟ್ಟಿಗೆ ಜಾಗವಿಲ್ಲ. ರೇರಿಯ ಮೊದಲರ್ಧ ಪುಸ್ತಕ ನನಗೆ ಸಾಕು, ಉಳಿದದ್ದು ಬೇಡ ಎನ್ನುವುದು ಆಕೆಯ ನಿಲುವು. ನಮಗೂ ಅದು ಸರಿಯೆನಿಸುತ್ತದೆ. ಆದರೆ ರೇರಿಗೆ ಅನ್ಯಾಯವಾಗಬಾರದು. ಕ್ರೂಸರಿನ ಮುಂದಿದ್ದ ಬೇರೆ ದಾರಿಗಳೆಂದರೆ ಆ ಕಬ್ಬಿಣದ ಕುಕ್ಕೆ, ಇಲ್ಲವೇ ಗುಂಡು. ಜೊತೆಗೆ, ಹೊಲಿಗೆ ಮುಗಿದ ಕೂಡಲೇ ಮುಂದಿನ ಕೋಣೆಗೆ ಓಡಿದವರು ನಾವು. ರೇರಿ ಪಟ್ಟಿ ಬಿಚ್ಚಿದ ಮೇಲೂ ಕುದುರೆಯ ಪಕ್ಕದಲ್ಲಿ ಕೂತಿರುತ್ತಿದ್ದ.

ಯೂರೋಪ್ ಸುತ್ತಿ ರೇರಿ ತಾಯ್ನಾಡಿಗೆ ಮರಳಿದಾಗ ಕ್ರೂಸರನ್ನೂ ಹಡಗಿನಲ್ಲಿ ಕರೆತಂದ. ಆದರೆ ಆಯುಷ್ಯ ಹೆಚ್ಚಿರಲಿಲ್ಲ. ಪಾರ್ಶ್ವವಾಯು ಬಡಿದು 1866ರ ಅಕ್ಟೋಬರಿನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ತೀರಿಕೊಂಡ, 39 ತುಂಬಿರಲಿಲ್ಲ. ಉಯಿಲಿನಲ್ಲಿ ಕ್ರೂಸರಿನ ಮೇವು, ಆರೈಕೆಗೆ ಏರ್ಪಾಡು ಮಾಡಿದ್ದ. ಆ ಕುದುರೆ ಗ್ರೋವ್‌ಪೋರ್ಟಿನಲ್ಲಿ 1875ರವರೆಗೆ ಬದುಕಿತ್ತು. ಅಲ್ಲಿಯ ಗ್ರೋವ್‌ಪೋರ್ಟ್ ಮ್ಯಾಡಿಸನ್ ಹೈಸ್ಕೂಲಿನ ಆಟದ ತಂಡಗಳಿಗೆ ಕ್ರೂಸರ್ಸ್ ಎಂದೇ ಹೆಸರು. ಹೋದ ಬೇಸಿಗೆಯಲ್ಲಿ ಆ ದಾರಿಯಲ್ಲಿ ಹೋಗುವಾಗ ಮಗಳು ಫಲಕ ತೋರಿಸಿ ಕಾರು ನಿಲ್ಲಿಸಿದಳು, ಅಮ್ಮನಿಗೆ ಇಡೀ ಕಥೆ ಹೇಳಿದಳು, ಪಟ್ಟಿಯ ವಿಷಯವನ್ನೂ ಬಿಡದೆ.