ಸರಪಳಿಯ ಎರಡು ತುದಿ

1980ನೆಯ ವರ್ಷದ ಆದಿಯಲ್ಲಿ ಇಂಗ್ಲೆಂಡಿನ ಮನೆಮನೆಗಳಲ್ಲಿ ಒಂದು ವಿಚಿತ್ರ ಪಾಠಶಾಲೆ ತೆರೆಯಿತು. ಉಪಾಧ್ಯಾಯಿನಿಗೆ ಎಪ್ಪತ್ತರ ಹೊಸ್ತಿಲು. ನೆರಿಗೆಯ ಉಣ್ಣೆಯ ಲಂಗ, ಗಟ್ಟಿಮುಟ್ಟಾದ ಪಾದರಕ್ಷೆ, ನೆಟ್ಟನೆಯ ನಿಲುವು, ಬಯಲಿನ ಆಚೆಯ ಅಂಚಿಗೂ ತಲಪುವಂಥ ಕಂಠ. ವಿದ್ಯಾರ್ಥಿಗಳಲ್ಲಿ ನಾಲ್ಕು ಕಾಲಿನವರೂ ಇದ್ದರು, ಎರಡು ಕಾಲಿನವರೂ ಇದ್ದರು. ಬಿ.ಬಿ.ಸಿ. ಹತ್ತು ಕಂತುಗಳಲ್ಲಿ ಪ್ರಸಾರ ಮಾಡಿದ ಆ ತರಗತಿಯನ್ನು ನೋಡುತ್ತ ಕುಳಿತವರಿಗೆ ಸ್ವಲ್ಪ ಹೊತ್ತಿನಲ್ಲೇ ಒಂದು ಸಂಗತಿ ಹೊಳೆಯುತ್ತಿತ್ತು. ಬೈಸಿಕೊಳ್ಳುತ್ತಿದ್ದವು ನಾಯಿಗಳಲ್ಲ, ಅವುಗಳ ಸರಪಳಿಯನ್ನು ಹಿಡಿದು ನಿಂತ ಗೃಹಸ್ಥರು ಮತ್ತು ಗೃಹಿಣಿಯರು. ನಾಯಿಗಳಾದರೋ ಆ ಮುದುಕಿಯ ಮುಖವನ್ನೇ ನೋಡುತ್ತ ಬಾಲವಾಡಿಸುತ್ತಿದ್ದವು.

ನಾಯಿಯ ಬಾಲ ಎಂದೂ ಡೊಂಕೇ ಎಂದು ನಮ್ಮ ಜನ ತೀರ್ಮಾನಿಸಿ ಶತಮಾನಗಳಾದುವು. ಡೊಂಕು ಇರುವುದು ಸರಪಳಿಯ ಆ ತುದಿಯಲ್ಲಲ್ಲ, ಈ ತುದಿಯಲ್ಲಿ ಎಂದು ಸಾಧಿಸಲು ಹೊರಟ ಈ ಹೆಂಗಸಿನ ಹೆಸರು ಬಾರ್ಬರಾ ವುಡ್‌ಹೌಸ್.

ಆಕೆ ಹುಟ್ಟಿದ್ದು 1910ರ ಮೇ 9ರಂದು, ಐರ್ಲೆಂಡಿನ ಡಬ್ಲಿನ್ ನಗರದ ಅಂಚಿನ ರಾತ್‌ಫಾರ್ನಮ್‌ನಲ್ಲಿ. ತಂದೆ ಅಲ್ಲಿನ ಸೇಂಟ್ ಕೊಲಂಬಾಸ್ ಎಂಬ ವಸತಿಶಾಲೆಯ ಮುಖ್ಯಸ್ಥ. ಹುಟ್ಟಿದ ಮನೆಯೇ ಶಾಲೆ. ಪಾಠ ಹೇಳುವ ಚಾಳಿ ರಕ್ತದಲ್ಲೇ ಬಂದಿರಬೇಕು. ಮಗಳು ಇನ್ನೂ ಚಿಕ್ಕವಳಿರುವಾಗಲೇ ತಂದೆ ತೀರಿಕೊಂಡ. ತಾಯಿ ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಬಂದಳು. ಹುಡುಗಿಗೆ ಮನುಷ್ಯರಿಗಿಂತ ಪ್ರಾಣಿಗಳ ಸಹವಾಸವೇ ಹಿತ. ಶ್ರಾಪ್‌ಶೈರಿನ ಹಾರ್ಪರ್ ಆಡಮ್ಸ್ ಕೃಷಿ ಕಾಲೇಜಿಗೆ ಸೇರಿದಾಗ ಅಲ್ಲಿ ಗಂಡುಹುಡುಗರ ನಡುವೆ ಹೆಣ್ಣು ಎಂದರೆ ಈಕೆಯೊಬ್ಬಳೇ ಎಂದು ಹೇಳುತ್ತಾರೆ. ಮುಂದೆ ಗಂಡಸರಿಗೆ ಅಪ್ಪಣೆ ಕೊಡುವಾಗ ಆಕೆಯ ಕಂಠ ಒಮ್ಮೆಯೂ ಅಳುಕದಿದ್ದುದರ ಗುಟ್ಟು ಬಹುಶಃ ಅಲ್ಲೇ ಇದೆ.

1930ರ ದಶಕದಲ್ಲಿ ಆಕೆ ಅರ್ಜೆಂಟೀನಕ್ಕೆ ಹೊರಟಳು. ಅಲ್ಲಿನ ದೊಡ್ಡ ಜಾನುವಾರು ಜಮೀನುಗಳಲ್ಲಿ ಕಾಡುಕುದುರೆಗಳನ್ನು ಪಳಗಿಸುವುದು ಗಂಡಸರ, ಅದೂ ಒರಟು ಗಂಡಸರ ಕಸುಬು. ಕಟ್ಟಿ, ದಣಿಸಿ, ಕುದುರೆಯ ಧೈರ್ಯವನ್ನು ಮುರಿದು ಬೆನ್ನೇರುವುದೇ ಅಲ್ಲಿಯ ಕ್ರಮ. ಬಾರ್ಬರಾ ಬೇರೆಯ ದಾರಿಯನ್ನು ಹಿಡಿದಳು. ಗ್ವಾರಾನಿ ಕುಲದ ಮುದುಕನೊಬ್ಬ ತನಗೊಂದು ರಹಸ್ಯವನ್ನು ಹೇಳಿಕೊಟ್ಟನೆಂದು ಆಕೆ ಕೊನೆಯವರೆಗೂ ಹೇಳುತ್ತಿದ್ದಳು. ಕುದುರೆಗಳು ಪರಸ್ಪರ ಭೇಟಿಯಾದಾಗ ಮೂಗಿಗೆ ಮೂಗು ತಾಗಿಸಿ ಉಸಿರುಬಿಡುತ್ತವೆ. ಮನುಷ್ಯನೂ ಹಾಗೆಯೇ ಕೈಗಳನ್ನು ಹಿಂದೆ ಕಟ್ಟಿಕೊಂಡು ಮೆಲ್ಲನೆ ಅದರ ಮೂಗಿಗೆ ಉಸಿರೂದಿದರೆ ಅದು ಅವನನ್ನು ತನ್ನವನೆಂದು ಬಗೆಯುತ್ತದೆ ಎಂಬುದು ಆ ರಹಸ್ಯ. ಇದರಲ್ಲಿ ಎಷ್ಟು ಭಾಗ ಉಸಿರಿನ ಮಹಿಮೆ, ಎಷ್ಟು ಭಾಗ ಹೊಡೆಯದೆ ಸುಮ್ಮನೆ ನಿಂತುದರ ಮಹಿಮೆ ಎಂದು ವಿಂಗಡಿಸುವುದು ಕಷ್ಟ. ಎರಡನೆಯದೇ ಹೆಚ್ಚೆಂದು ನನ್ನ ಅನುಮಾನ. ಈ ಕಾಲದ ನೆನಪುಗಳೆಲ್ಲ 1954ರಲ್ಲಿ ಹೊರಬಂದ ಆಕೆಯ ಪುಸ್ತಕದಲ್ಲಿವೆ. ಪ್ರಾಣಿಗಳೊಡನೆ ಮಾತುಕತೆ ಎಂದು ಅದರ ಹೆಸರಿನ ಅರ್ಥ.

1940ರಲ್ಲಿ ಮೈಕೇಲ್ ವುಡ್‌ಹೌಸ್ ಎಂಬ ವೈದ್ಯನೊಡನೆ ಮದುವೆ, ಮೂರು ಮಕ್ಕಳು, ಯುದ್ಧಕಾಲದ ಅಭಾವದಲ್ಲಿ ಹಸು ಸಾಕಣೆ. ಮುಂದೆ ಹರ್ಟ್‌ಫರ್ಡ್‌ಶೈರಿನ ಕ್ರಾಕ್ಸ್‌ಲಿ ಗ್ರೀನ್ ಎಂಬಲ್ಲಿ ಮನೆ. ಆ ಮನೆಯಲ್ಲಿ ಕರುವಿನಷ್ಟು ಎತ್ತರದ ಗ್ರೇಟ್ ಡೇನ್ ನಾಯಿಗಳು ಮಕ್ಕಳೊಂದಿಗೆ ಬೆಳೆದುವು. ಅವುಗಳಲ್ಲಿ ಜೂನೋ ಎಂಬುದು ಚಲನಚಿತ್ರಗಳಲ್ಲೂ ಅಭಿನಯಿಸಿ ಹೆಸರು ಪಡೆಯಿತು.

ಅಂಥ ನಾಯಿಗಳನ್ನು ಕಂಡವರು ತಮ್ಮ ನಾಯಿಯನ್ನೂ ಹಾಗೆ ಮಾಡಿಕೊಡಿರೆಂದು ಬರುವುದು ಸಹಜವೇ. ತರಗತಿಗಳು ಮೊದಲಾದುವು. ತಾನು 17,000 ನಾಯಿಗಳಿಗೆ ಶಿಕ್ಷಣ ಕೊಟ್ಟಿರುವೆನೆಂಬುದು ಆಕೆಯದೇ ಲೆಕ್ಕ. ಆಕೆಗೆ ಆತ್ಮವಿಶ್ವಾಸದ ಕೊರತೆ ಎಂದೂ ಇರಲಿಲ್ಲ. ನಾಯಿಗಳೊಡನೆ ಮನಸ್ಸಿನಿಂದ ಮನಸ್ಸಿಗೆ ಸಂದೇಶ ಕಳುಹಿಸಬಹುದೆಂದೂ ಆಕೆ ದೃಢವಾಗಿ ನಂಬಿದ್ದಳು.

ತರಗತಿಯ ಕ್ರಮವನ್ನು ಒಂದಿಷ್ಟು ವಿವರಿಸಬೇಕು. ನಾಯಿ ಯಜಮಾನನ ಎಡಮಗ್ಗುಲಲ್ಲಿ ಸರಪಳಿ ಜಗ್ಗದೆ ನಡೆಯಬೇಕು, ನಿಂತರೆ ಕುಳಿತುಕೊಳ್ಳಬೇಕು, ಹೇಳಿದಾಗ ಮಲಗಬೇಕು, ಯಜಮಾನ ದೂರ ಸರಿದರೂ ಕದಲಕೂಡದು, ಕರೆದರೆ ಓಡಿ ಬರಬೇಕು. ಪಠ್ಯ ಇಷ್ಟೇ. ಆದರೆ ಹೊಸದಾಗಿ ಬಂದ ಯಜಮಾನನ ಅವಸ್ಥೆಯನ್ನು ನೋಡಬೇಕು! ಒಂದೇ ಅಪ್ಪಣೆಯನ್ನು ಆತ ಹತ್ತು ಸಲ ಹೇಳುತ್ತಾನೆ. ಮೊದಲ ಒಂಬತ್ತು ಸಲ ಕೇಳಬೇಕಾಗಿಲ್ಲವೆಂದು ನಾಯಿ ಕಲಿಯುತ್ತದೆ. ಬಾಯಲ್ಲಿ ಬೇಡವೆನ್ನುತ್ತ ಕೈಯಲ್ಲಿ ತಲೆ ಸವರುತ್ತಾನೆ. ಕರೆದರೆ ಬಾರದ ನಾಯಿ ಕೊನೆಗೊಮ್ಮೆ ಬಂದಾಗ ತಡವಾಯಿತೆಂದು ಗದರುತ್ತಾನೆ. ಬಂದುದಕ್ಕೇ ಏಟು ಬಿತ್ತೆಂದು ಆ ಪ್ರಾಣಿ ತಿಳಿದರೆ ತಪ್ಪು ಯಾರದು? ಬಾರ್ಬರಾ ಇಂಥವರನ್ನು ಎಲ್ಲರೆದುರಿಗೆ ತಿದ್ದುತ್ತಿದ್ದಳು. ಕೂರೆಂದು ಹೇಳುವ ಇಂಗ್ಲಿಷ್ ಶಬ್ದದ ಕೊನೆಯ ಅಕ್ಷರವನ್ನು ಸುತ್ತಿಗೆಯ ಪೆಟ್ಟಿನಂತೆ ಉಚ್ಚರಿಸಿ ತೋರಿಸುತ್ತಿದ್ದಳು. ತಿರುಗಾಟಕ್ಕೆ ಕರೆಯುವಾಗ ಅದೇ ಕಂಠ ತೊಟ್ಟಿಲು ತೂಗುವ ರಾಗಕ್ಕೆ ಇಳಿಯುತ್ತಿತ್ತು. ದನಿಯ ಈ ಏರಿಳಿತವನ್ನು ಕಲಿಯಲು ನಾಚಿ ನಿಂತ ಗಂಭೀರ ಗೃಹಸ್ಥರೇ ಆಕೆಯ ಅತಿ ದಡ್ಡ ವಿದ್ಯಾರ್ಥಿಗಳು. ಕೆಟ್ಟ ನಾಯಿಗಳಿಲ್ಲ ಎಂಬ ಅರ್ಥದ ಹೆಸರನ್ನು ಆಕೆ ತನ್ನ ಪುಸ್ತಕವೊಂದಕ್ಕೆ ಇಟ್ಟಳು. ಆ ಹೆಸರೇ ಆಕೆಯ ಸಿದ್ಧಾಂತ.

ದೂರದರ್ಶನದ ಕೀರ್ತಿ ಒಮ್ಮೆಗೇ ಬಂದಿತು. ಅಮೆರಿಕದವರೂ ಆಕೆಯನ್ನು ಕರೆಸಿಕೊಂಡರು. ಮಕ್ಕಳು ಬೀದಿಯಲ್ಲಿ ಆಕೆಯ ದನಿಯನ್ನು ಅಣಕಿಸಿದರು. 1983ರಲ್ಲಿ ತೆರೆಕಂಡ, ನಮ್ಮ ಉದಯಪುರದಲ್ಲಿ ಕೆಲಭಾಗ ಚಿತ್ರಿತವಾದ ಆಕ್ಟೋಪಸ್ಸಿ ಎಂಬ ಜೇಮ್ಸ್ ಬಾಂಡ್ ಚಿತ್ರದಲ್ಲಿ ನಾಯಕನು ಎದುರಿಗೆ ಬಂದ ಹುಲಿಗೆ ಆಕೆಯ ಶೈಲಿಯಲ್ಲೇ ಕೂರಲು ಆಜ್ಞಾಪಿಸುತ್ತಾನೆ, ಹುಲಿ ಕೂರುತ್ತದೆ. ಇದಕ್ಕಿಂತ ದೊಡ್ಡ ಬಿರುದು ಯಾವ ಉಪಾಧ್ಯಾಯಿನಿಗೆ ದೊರೆತೀತು?

ಆದರೆ ಆಕೆಯ ಕೈಯಲ್ಲಿದ್ದ ಸರಪಳಿಯ ವಿಚಾರವನ್ನು ಮರೆಮಾಚುವಂತಿಲ್ಲ. ಅದು ಎಳೆದರೆ ಕೊರಳನ್ನು ಬಿಗಿಯುವ ಬಗೆಯದು. ತೆಳ್ಳನೆಯ ಕೊಂಡಿಗಳದು ಕೂಡದು, ಅಗಲ ಕೊಂಡಿಗಳದೇ ಆಗಬೇಕು. ಥಟ್ಟನೆ ಒಂದು ಜಗ್ಗು, ಕೂಡಲೇ ಸಡಿಲ, ಕೂಡಲೇ ಮೆಚ್ಚುಗೆ ಎಂಬುದು ಆಕೆಯ ನಿಯಮ. ಪಳಗಿದ ಕೈಯಲ್ಲಿ ಅದು ಸಂಜ್ಞೆಯಾಗಿದ್ದೀತು. ಪಳಗದ ಕೈಯಲ್ಲಿ ಹಿಂಸೆಯೇ. ನೋಡುಗರ ಪತ್ರಗಳಲ್ಲೂ ಪ್ರಾಣಿಪ್ರಿಯರ ಟೀಕೆಗಳಲ್ಲೂ ಈ ಆಕ್ಷೇಪ ಆಗಲೇ ಬಂದಿತ್ತು. ಕುದುರೆಯ ಮುಂದೆ ಕೈಕಟ್ಟಿ ನಿಂತು ಉಸಿರೂದಿದವಳು ನಾಯಿಯ ಕೊರಳಿಗೆ ಕಬ್ಬಿಣವನ್ನೇಕೆ ತೊಡಿಸಿದಳು? ನಾನು ತಿಳಿದ ಮಟ್ಟಿಗೆ ಇದಕ್ಕೆ ಕಾರಣ ಆಕೆಗಿಂತ ಹಿಂದಿನದು. ನಾಯಿಶಿಕ್ಷಣ ಎಂಬ ಶಾಸ್ತ್ರ ಹುಟ್ಟಿದ್ದೇ ಪೋಲೀಸರ ಮತ್ತು ಸೈನ್ಯದ ಅಂಗಳದಲ್ಲಿ. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ, ಬಾರ್ಬರಾ ಹುಟ್ಟಿದ ವರ್ಷವೇ, ಪ್ರಕಟಿಸಿದ ಗ್ರಂಥದಿಂದ ಮೊದಲ್ಗೊಂಡು ದಶಕಗಳ ಕಾಲ ಈ ವಿದ್ಯೆ ಬೆಳೆದ ನಾಯಿಯನ್ನು ಗಮನದಲ್ಲಿಟ್ಟುಕೊಂಡ ವಿದ್ಯೆ. ಜಗ್ಗಿ ತಿದ್ದಬೇಕಾದರೆ ಕೊರಳು ಗಟ್ಟಿಯಾಗಿರಬೇಕಷ್ಟೆ. ಆದ್ದರಿಂದ ಆರು ತಿಂಗಳು ತುಂಬದ ಮರಿಗೆ ತರಗತಿಯಲ್ಲಿ ಸಾಮಾನ್ಯವಾಗಿ ಪ್ರವೇಶವೇ ಇರಲಿಲ್ಲ. ಸೋಂಕುರೋಗಗಳ ಭಯವೂ ಇದಕ್ಕೆ ಕೂಡಿಕೊಂಡಿತ್ತು. ಆರು ತಿಂಗಳು ಮನೆಯಲ್ಲಿ ಕೆಟ್ಟ ಅಭ್ಯಾಸಗಳನ್ನೆಲ್ಲ ಕಲಿತ ಮೇಲೆ ಅವನ್ನು ಬಿಡಿಸಲು ಗುರುವಿನ ಬಳಿಗೆ! ಬಾರ್ಬರಾಳ ಬಳಿಗೆ ಬರುತ್ತಿದ್ದ ಬಹುಪಾಲು ಯಜಮಾನರ ಕಥೆ ಇದೇ.

ಕಾಲ ಕೈತಪ್ಪುತ್ತಿದೆ ಎಂಬುದಕ್ಕೆ ಪುರಾವೆ ಆ ಹೊತ್ತಿಗಾಗಲೇ ಇತ್ತು. ಅಮೆರಿಕದ ಮೇಯ್ನ್ ಸಂಸ್ಥಾನದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳಿಬ್ಬರು ಐದು ತಳಿಗಳ ನಾಯಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ 1965ರಲ್ಲಿ ಒಂದು ಗ್ರಂಥವನ್ನು ಹೊರತಂದರು. ಮರಿಯ ಬಾಳಿನಲ್ಲಿ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿ ಅತಿ ಮುಖ್ಯವಾದುದು; ಆಗ ಕಂಡ ಮನುಷ್ಯರೂ ಸದ್ದುಗಳೂ ಅದಕ್ಕೆ ಪರಿಚಿತ ಲೋಕ, ಆಗ ಕಾಣದ್ದು ಮುಂದೆ ಭಯದ ಮೂಲ ಎಂಬುದು ಅವರು ಕಂಡುಕೊಂಡ ಸಾರ. ಇದನ್ನು ತರಗತಿಗೆ ಇಳಿಸಿದವನು ಇಂಗ್ಲೆಂಡಿನಿಂದ ಕ್ಯಾಲಿಫೋರ್ನಿಯಕ್ಕೆ ಹೋಗಿ ನೆಲಸಿದ ಪಶುವೈದ್ಯ ಇಯಾನ್ ಡನ್‌ಬಾರ್. 1982ರಲ್ಲಿ ಆತ ಸಿರಿಯಸ್ ಎಂಬ ಹೆಸರಿನಿಂದ ಎಳೆಯ ಮರಿಗಳಿಗೇ ಮೀಸಲಾದ ತರಗತಿಗಳನ್ನು ಆರಂಭಿಸಿದ. ಅಲ್ಲಿ ಕೊರಳಿಗೆ ಸರಪಳಿಯೇ ಇಲ್ಲ. ತಿನಿಸಿನ ತುಣುಕೊಂದನ್ನು ಮರಿಯ ಮೂಗಿನ ಮುಂದೆ ಹಿಡಿದು ಮೆಲ್ಲನೆ ತಲೆಯ ಮೇಲಿನಿಂದ ಹಿಂದಕ್ಕೆ ಸಾಗಿಸಿದರೆ ಅದರ ಮೂಗು ಮೇಲೇರುತ್ತದೆ, ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ಕುಳಿತಾಯಿತು! ತಿನಿಸನ್ನು ಲಂಚವೆಂದು ಬಗೆದು ದನಿಯ ಮೆಚ್ಚುಗೆಯನ್ನೇ ನೆಚ್ಚಿದ್ದ ಬಾರ್ಬರಾಳ ಪದ್ಧತಿಗೆ ಇದು ತೀರ ವಿರುದ್ಧ.

ಅಂಥ ತರಗತಿಯ ಮೊದಲ ದಿನದ ದೃಶ್ಯವನ್ನು ಶಿಸ್ತಿನ ದೃಶ್ಯವೆಂದು ಯಾರೂ ಕರೆಯಲಾರರು. ಒಂದು ಮರಿ ಕುರ್ಚಿಯ ಕೆಳಗೆ ಸೇರಿ ಬರಲೊಲ್ಲದು. ಇನ್ನೊಂದು ನೆಲವನ್ನು ಒದ್ದೆ ಮಾಡಿದೆ. ಮತ್ತೆರಡು ಒಂದರ ಕಿವಿಯನ್ನೊಂದು ಕಚ್ಚಿ ಉರುಳಾಡುತ್ತಿವೆ. ಈ ಉರುಳಾಟವೇ ಪಾಠ. ಜೋರಾಗಿ ಕಚ್ಚಿದರೆ ಜೊತೆಗಾರ ಕೀರಲುದನಿ ತೆಗೆದು ಆಟ ನಿಲ್ಲಿಸುತ್ತದೆ. ಹಲ್ಲಿನ ಅಳತೆ ಹೀಗೆ ತಿಳಿಯುತ್ತದೆ. ಮರಿಯನ್ನು ಕೈಯಿಂದ ಕೈಗೆ ದಾಟಿಸಿ ಅಪರಿಚಿತರು ಅದರ ಪಾದ, ಕಿವಿ, ಬಾಯಿಗಳನ್ನು ಮುಟ್ಟಿ ನೋಡುತ್ತಾರೆ. ಮುಂದೆ ವೈದ್ಯನ ಮೇಜಿನ ಮೇಲೆ ಅದು ನಡುಗದಿರಲೆಂದು. ಕರೆದರೆ ಬಂದು ತುಣುಕು ತಿಂದು ಮತ್ತೆ ಆಟಕ್ಕೆ ಹೋಗುವುದು ಇನ್ನೊಂದು ಪಾಠ. ಯಜಮಾನ ಕರೆದನೆಂದರೆ ಸಂತೋಷವೆಲ್ಲ ಮುಗಿಯಿತು ಎಂಬ ಭಾವನೆ ಅದರಲ್ಲಿ ಬೇರೂರಬಾರದಷ್ಟೆ. ಕೆಲವು ನಿಮಿಷಗಳಾದರೆ ದಣಿದು ನಿದ್ದೆಗೆ ಜಾರುತ್ತವೆ, ಕೂಸುಗಳಲ್ಲವೆ? ಎಚ್ಚರವಾಗಿರಬೇಕಾದವರು ಸರಪಳಿಯ ಈ ತುದಿಯವರು. ಉಪಾಧ್ಯಾಯ ಮಾತನಾಡುವುದೂ ಅವರೊಡನೆಯೇ. ಇಷ್ಟರ ಮಟ್ಟಿಗೆ ಕ್ರಾಕ್ಸ್‌ಲಿ ಗ್ರೀನಿನ ಆ ಹೆಂಗಸು ತರಗತಿಯಿಂದ ಹೊರಗೆ ಹೋಗಿಲ್ಲ.

ಇದೆಲ್ಲ ಶ್ರೀಮಂತರ ಹೊತ್ತುಗಳೆಯುವ ವಿನೋದವೆಂದು ಮೂಗು ಮುರಿಯುವವರಿದ್ದಾರೆ. ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸುವ ಅಮೆರಿಕದ ಪಶುವೈದ್ಯರ ಸಂಘವು 2008ರ ತನ್ನ ಹೇಳಿಕೆಯಲ್ಲಿ ಕೊಟ್ಟ ಮಾತು ಬೇರೆ. ಮೂರು ವರ್ಷದೊಳಗಿನ ನಾಯಿಗಳ ಸಾವಿಗೆ ಮೊದಲ ಕಾರಣ ಸೋಂಕುರೋಗವಲ್ಲ, ನಡವಳಿಕೆಯ ದೋಷ. ಕಚ್ಚಿತೆಂದೋ ಹೇಳಿದ ಮಾತು ಕೇಳದೆಂದೋ ಮನೆಯಿಂದ ಹೊರಬಿದ್ದ ನಾಯಿ ಆಶ್ರಯಧಾಮದ ಸೂಜಿಮದ್ದಿನಲ್ಲಿ ಮುಗಿಯುತ್ತದೆ. ಮೊದಲ ಲಸಿಕೆ ಹಾಕಿಸಿ ಕನಿಷ್ಠ ಏಳು ದಿನ ಕಳೆದು, ಜಂತುಹುಳುವಿನ ಔಷಧವೂ ಆಗಿದ್ದರೆ ಏಳು-ಎಂಟು ವಾರದ ಮರಿಯನ್ನೂ ತರಗತಿಗೆ ಕರೆತರಬಹುದೆಂದು, ಲಸಿಕೆಗಳ ಸರಣಿ ಮಾತ್ರ ಮುಂದುವರಿಯಬೇಕೆಂದು ಆ ಸಂಘ ಹೇಳಿತು. ರೋಗದ ಭಯದಿಂದ ಮರಿಯನ್ನು ತಿಂಗಳುಗಟ್ಟಲೆ ನಾಲ್ಕು ಗೋಡೆಗಳ ನಡುವೆ ಇಡುವವರು ಅದನ್ನು ಯಾವುದರಿಂದ ಉಳಿಸಿ ಯಾವುದಕ್ಕೆ ಒಪ್ಪಿಸುತ್ತಿದ್ದಾರೆಂಬುದನ್ನು ಯೋಚಿಸಬೇಕಾಗಿದೆ. ಬಾರ್ಬರಾಳಿಗೂ ಈ ಸಾವಿನ ಅರಿವಿತ್ತು. ಇನ್ನು ಇದನ್ನು ಕೊಲ್ಲಿಸುವುದೊಂದೇ ದಾರಿ ಎಂದು ಕೈಚೆಲ್ಲಿ ಬಂದವರ ಕೈಗೆ ಆಕೆ ಸರಪಳಿಯನ್ನು ಮತ್ತೆ ಕೊಟ್ಟು ಅಂಗಳದಲ್ಲಿ ಸುತ್ತಿಸುತ್ತಿದ್ದಳು. ಆಕೆಯ ಒರಟುತನವನ್ನು ತೂಗುವಾಗ ತಕ್ಕಡಿಯ ಮತ್ತೊಂದು ತಟ್ಟೆಯಲ್ಲಿ ಇದನ್ನೂ ಇಡಬೇಕು.

1988ರ ಜುಲೈ 9ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಬಾರ್ಬರಾ ವುಡ್‌ಹೌಸ್ ತೀರಿಕೊಂಡಳು. ಕ್ಯಾಲಿಫೋರ್ನಿಯದ ಮರಿಗಳ ತರಗತಿಗೆ ಆಗ ಆರು ವರ್ಷ ವಯಸ್ಸು.